ಕಣ್ಣಿಗೆ ಬಿಟ್ಟಿ, ಯಂತ್ರಕ್ಕೆ ದುಡ್ಡು

ನಗಬಾರದ ಜಾಗದಲ್ಲೇ ನಗು ಬರೋದು ನನ್ನ ಹಣೆಬರಹ. ಬೇರೆಯವರಿಗೆ ಆಫೀಸಲ್ಲಿ ಪ್ರಮೋಷನ್ ಸಿಗುತ್ತೆ, ನನಗೆ ಇಂಥ ಪ್ರಸಂಗಗಳು ಸಿಗ್ತವೆ. ಒಂದು ಮುಗೀತು ಅಂದ್ಕೊಳ್ಳೋವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಬಂದಿರುತ್ತೆ. ಯಾರಿಗಾದ್ರೂ ಹೇಳಿದ್ರೆ ಮೊದಲು ನಗ್ತಾರೆ, ಆಮೇಲೆ ನನ್ನ ಮುಖ ನೋಡಿ 'ಅಯ್ಯೋ ಪಾಪ, ನಗಬಾರದಿತ್ತು' ಅಂತಾರೆ. ನಗ್ರೀ, ಪರವಾಗಿಲ್ಲ. ನಾವೂ ನಕ್ಕಿದ್ವಿ. ಅಳೋಕೆ ಪುರಸೊತ್ತಿರ್ಲಿಲ್ಲ, ಅದಕ್ಕೆ ನಕ್ಕಿದ್ವಿ.

ನಮ್ಮ ಆಫೀಸು ಇದ್ದಿದ್ದು ಸಿಂಗಸಂದ್ರದಲ್ಲಿ, ಪೇಂಟ್ ಅಂಗಡಿ ಮೇಲಿನ ಮಹಡಿಯಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ಬಲು ಹತ್ತಿರ, ಅಲ್ಲಿಯ ಸಂಬಳಕ್ಕೆ ಬಲು ದೂರ. ನಾವು ನಾಲ್ಕೇ ಜನ. ಒಬ್ರು ಸಾರ್, ಕಂಪನಿ ಮಾಲೀಕರು. ದಾವಣಗೆರೆ ಕಡೆಯವರು, ಮೊದಲು ಪೀಣ್ಯದಲ್ಲಿ ಲೇತ್ ಮೆಷಿನ್ ಬಿಡಿಭಾಗಗಳ ವ್ಯಾಪಾರ ಮಾಡ್ತಿದ್ರು. ಇನ್ನೊಬ್ಬ ನಮ್ಮ ಪ್ರೋಗ್ರಾಮರ್, ಬಾಗಲಕೋಟೆಯವನು. ಮೂರನೆಯವಳು ನಾನು, ಫೋನ್ ಎತ್ತೋಳು. ನಾಲ್ಕನೆಯವರು ಸಾರ್ ಹೆಂಡತಿ. ಅವರನ್ನ ನಾವೆಲ್ಲ ಅಕ್ಕ ಅಂತಿದ್ವಿ. ಅಕ್ಕನಿಗೆ ಆಫೀಸಲ್ಲಿ ಏನೂ ಕೆಲಸ ಇರ್ಲಿಲ್ಲ. ಆಫೀಸಿಗೇ ಅಕ್ಕನ ಕೆಲಸ ಇತ್ತು.

ಯಾಕಂದ್ರೆ ಅಕ್ಕನ ಮೈಯಲ್ಲಿ ರಕ್ತ ಹುಟ್ಟೋದು ನಿಂತುಹೋಗಿತ್ತು. ಕೆಲವು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬೇರೆಯವರ ರಕ್ತ ಏರಿಸ್ಕೊಂಡು ಬರ್ಬೇಕು. ಗುಂಪು ಬೇರೆ ಓ ನೆಗೆಟಿವ್, ಸುಲಭಕ್ಕೆ ಸಿಗದಂಥದ್ದು. ಪ್ರತಿ ಸಲ ಊರೆಲ್ಲ ಫೋನ್ ಮಾಡಿ ಮಾಡಿ ಸಾಕಾದ ಸಾರ್, ಪೀಣ್ಯದ ವ್ಯಾಪಾರ ಬಿಟ್ಟು ಈ ಕಂಪನಿ ಶುರು ಮಾಡಿದ್ರು. ಕೆಲಸ ಸರಳ. ಒಂದು ದೊಡ್ಡ ಸಾಮಾಜಿಕ ಜಾಲತಾಣದಲ್ಲಿ ಜನ 'ರಕ್ತ ಬೇಕು' ಅಂತ ಬರೀತಾರೆ, 'ನಾನು ಕೊಡ್ತೀನಿ' ಅಂತಲೂ ಬರೀತಾರೆ. ನಮ್ಮ ಪ್ರೋಗ್ರಾಮು ಅದನ್ನೆಲ್ಲ ತಾನೇ ಓದಿ, ಬೇಕಾದವರಿಗೂ ಕೊಡೋರಿಗೂ ಗಂಟು ಹಾಕ್ತಿತ್ತು. ಬೊಮ್ಮಸಂದ್ರದ ಫ್ಯಾಕ್ಟರಿಗಳ ಶಿಫ್ಟ್ ಕೆಲಸದವರು ಎಷ್ಟೋ ಜನ ನಮಗೆ ನಂಬರ್ ಕೊಟ್ಟಿದ್ರು, ಅವರಿಗೆ ಮೆಸೇಜ್ ಹೋಗ್ತಿತ್ತು. ಅಕ್ಕನಿಗೂ ಹಿಂಗೇ ರಕ್ತ ಸಿಗ್ತಿತ್ತು. ಅಂಗಡಿ, ಹೋಟೆಲುಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಸಾರ್ ನಮ್ಮ ಸಂಬಳ ಹೊಂದಿಸ್ತಿದ್ರು. ಜಾಲತಾಣದವರು ಮಾತ್ರ ನಮ್ಮ ಯಂತ್ರದ ಹತ್ರ ಏನೂ ಕೇಳ್ತಿರ್ಲಿಲ್ಲ. ಅದು ಮೊದಲು.

೧. ಸಂತೋಷದ ಸುದ್ದಿ

ಒಂದಿನ ಜಾಲತಾಣದವರಿಂದ ಮೇಲ್ ಬಂತು. ಸಾರ್ ಕನ್ನಡಕ ಹಾಕ್ಕೊಂಡು ಜೋರಾಗಿ ಓದಿದ್ರು. ನಿಮ್ಮೆಲ್ಲರ ಜೊತೆ ಹೊಸ ಪಯಣ ಶುರು ಮಾಡೋಕೆ ನಮಗೆ ರೋಮಾಂಚನ ಆಗ್ತಿದೆ, ನೀವಿಲ್ಲದೆ ನಾವಿಲ್ಲ, ನಿಮಗಾಗಿ ಇನ್ನೂ ಉತ್ತಮ ಸೇವೆ ತರ್ತಿದ್ದೀವಿ, ಹಿಂಗೆ. ಓದ್ತಾ ಓದ್ತಾ ಸಾರ್ ಮುಖ ಅರಳ್ತು. "ನಮ್ಮ ಕೆಲಸ ಅವರ ಕಣ್ಣಿಗೆ ಬಿದ್ದಿದೆ ಕಣಮ್ಮ. ಏನೋ ಬಹುಮಾನ ಇರಬೇಕು" ಅಂದ್ರು. ಕೆಳಗಿನ ಬೇಕರಿಯಿಂದ ಎಲ್ಲರಿಗೂ ಖಾರಾ ಬನ್ ತರಿಸಿದ್ರು.

ಪ್ರೋಗ್ರಾಮರ್ ಬಂದು, ಮೇಲಿನ ಸಿಹಿ ಮಾತೆಲ್ಲ ಬಿಟ್ಟು ಸೀದಾ ಕೆಳಗಡೆ ಹೋಗಿ ಓದಿದ. ಓದಿ ಬನ್ ಕೆಳಗಿಟ್ಟ. "ಸರ, ಅವ್ರು ಕೊಡಾಕತ್ತಿಲ್ರೀ. ಕೇಳಾಕತ್ತಾರ" ಅಂದ.

ಇನ್ನು ಮುಂದೆ ನಮ್ಮಂಥ ಕಂಪನಿಗಳ ಪ್ರೋಗ್ರಾಮು ಅವರ ಜಾಲತಾಣ ಓದ್ಬೇಕಾದ್ರೆ ತಿಂಗಳು ತಿಂಗಳು ದುಡ್ಡು ಕಟ್ಬೇಕಂತೆ. ಎಲ್ಲಕ್ಕಿಂತ ಚಿಕ್ಕ ರೇಟು ನೋಡಿದ್ರೆ, ನಮ್ಮೆಲ್ಲರ ಸಂಬಳ, ಆಫೀಸು ಬಾಡಿಗೆ ಸೇರಿಸಿದ್ರೂ ಅದರ ಕಾಲಿನ ಹತ್ರ ಬರಲ್ಲ. ಬಿಟ್ಟಿ ಕೊಡೋದೂ ಒಂಚೂರು ಇತ್ತು, ಬೆಳಗಿನ ಕಾಫಿ ಮುಗಿಯೋದ್ರೊಳಗೆ ಅದು ಖರ್ಚಾಗ್ತಿತ್ತು.

"ಅದನ್ನೆಲ್ಲ ಬರೆದಿರೋರು ಯಾರು?" ಅಂತ ಸಾರ್ ಕೇಳಿದ್ರು.

"ಮಂದಿ ಬರದಾರ್ರೀ."

"ಆ ಮಂದಿಗೆ ಇವರು ದುಡ್ಡು ಕೊಟ್ಟಿದಾರಾ?"

"ಇಲ್ರೀ ಸರ."

"ಮತ್ತೆ ನಮ್ಮ ಹತ್ರ ಯಾಕೆ ಕೇಳ್ತಾರೆ?"

"ಮಂದಿ ಕಣ್ಣಿಲೆ ಓದಿದ್ರ ಪುಕ್ಕಟ. ಮಷಿನ್ ಓದಿದ್ರ ರೊಕ್ಕ. ಅಷ್ಟರೀ."

ಅಕ್ಕ ಬನ್ ತಿಂತಾ ಕೂತಿದ್ರು. "ಅರ್ಥ ಆಯ್ತು ಬಿಡಿ. ಊರ ಬಾವೀಲಿ ಕೊಡದಲ್ಲಿ ಸೇದಿದ್ರೆ ಬಿಟ್ಟಿ, ಮೋಟಾರ್ ಇಟ್ರೆ ದುಡ್ಡು" ಅಂದ್ರು. ಆಮೇಲೆ ಗಂಡನ ಕಡೆ ತಿರುಗಿ, "ರೀ, ಬಹುಮಾನದ ಬನ್ ತಣ್ಣಗಾಗ್ತಿದೆ, ತಿನ್ನಿ" ಅಂದ್ರು.

೨. ಬೆಳ್ಳಂದೂರಿಗೆ ಪೇಡ

ಪೀಣ್ಯದಲ್ಲಿ ಒಂದು ಪದ್ಧತಿ ಇದೆ ಅಂತ ಸಾರ್ ಯಾವಾಗ್ಲೂ ಹೇಳೋರು. ಯಾರಾದ್ರೂ ರೇಟ್ ಜಾಸ್ತಿ ಮಾಡಿದ್ರೆ ಜಗಳ ಆಡಬಾರದು, ಕಾಗದ ಬರೀಬಾರದು. ಸ್ವೀಟ್ ತಗೊಂಡು ಸೀದಾ ಹೋಗ್ಬೇಕು, ಕಾಫಿ ಕುಡೀಬೇಕು, ಮಕ್ಕಳ ಓದು ವಿಚಾರಿಸ್ಬೇಕು, ಹಳೇ ರೇಟಿಗೆ ಒಪ್ಪಿಸ್ಕೊಂಡು ಬರಬೇಕು. ಅಲ್ಲಿ ರೇಟ್ ಅನ್ನೋದು ಮಾತು ಶುರು ಮಾಡೋಕೆ ಒಂದು ನೆಪ ಅಷ್ಟೇ.

ಬೆಳ್ಳಂದೂರಿನ ಟೆಕ್ ಪಾರ್ಕಲ್ಲಿ ಜಾಲತಾಣದ ಆಫೀಸಿದೆ ಅಂತ ಗೊತ್ತಾಯ್ತು. ಸಾರ್ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು, ಧಾರವಾಡ ಪೇಡದ ಡಬ್ಬಿ ಹಿಡ್ಕೊಂಡು ಹೊರಟ್ರು. ಇಂಗ್ಲಿಷ್ ಮಾತಾಡೋಕೆ ಅಂತ ನನ್ನೂ ಕರ್ಕೊಂಡ್ರು. ಅಲ್ಲಿಯ ಗಲೀಜು ಕೆರೆಯ ನೊರೆ ರಸ್ತೆಗೆ ಹಾರಿ ಬರ್ತಿತ್ತು. ಪೇಡದ ಡಬ್ಬಿ ಮೇಲೆ ಬೀಳಬಾರದು ಅಂತ ನಾನು ದುಪಟ್ಟಾ ಮುಚ್ಚಿಕೊಂಡು ಕೂತಿದ್ದೆ.

ಗೇಟಲ್ಲಿ ಸೆಕ್ಯುರಿಟಿಯವನು ಕೇಳಿದ, "ಯಾರನ್ನ ಮೀಟ್ ಮಾಡ್ಬೇಕು ಸಾರ್?"

"ರೇಟ್ ಫಿಕ್ಸ್ ಮಾಡೋರನ್ನ" ಅಂದ್ರು ಸಾರ್.

ಆ ಹೆಸರಿನವರು ಯಾರೂ ಅವನ ಕಂಪ್ಯೂಟರಲ್ಲಿ ಸಿಗ್ಲಿಲ್ಲ. ತುಂಬಾ ಹೊತ್ತು ಕಾದ ಮೇಲೆ ಒಳಗಿಂದ ನಗುಮುಖದ ಒಬ್ಬ ಬಂದ. ಅವನು ಜಾಹೀರಾತು ಮಾರೋ ವಿಭಾಗದವನು. "ಸಾರ್, ಡೇಟಾ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ. ಅದೆಲ್ಲ ಅಮೆರಿಕದಲ್ಲಿ."

"ಅಲ್ಲಿ ಯಾರನ್ನ ಕೇಳ್ಬೇಕಪ್ಪ?"

"ಅದೂ ಗೊತ್ತಿಲ್ಲ ಸಾರ್. ವೆಬ್‌ಸೈಟಲ್ಲೇ ಬರೀಬೇಕು."

ಸಾರ್ ಬಿಡ್ಲಿಲ್ಲ. ನಿಮ್ಮೂರು ಯಾವುದು, ಅಪ್ಪ ಅಮ್ಮ ಚೆನ್ನಾಗಿದಾರಾ, ಮದುವೆ ಆಗಿದೆಯಾ, ಎಲ್ಲ ಕೇಳಿದ್ರು. ಆಮೇಲೆ ಅಕ್ಕನ ವಿಷಯ ಹೇಳಿದ್ರು. ಸುಳ್ಳು ಹೇಳಬಾರದು, ಆ ಮನುಷ್ಯ ಕೇಳಿಸ್ಕೊಂಡ. ಕಣ್ಣು ಒರೆಸ್ಕೊಂಡ. "ನನ್ನ ಕೈಲಿ ಏನೂ ಇಲ್ಲ ಸಾರ್" ಅಂತ ಹೇಳಿ, ಒಳಗೆ ಹೋಗಿ, ಕಂಪನಿ ಗುರುತಿರೋ ಒಂದು ದೊಡ್ಡ ಸೈಜಿನ ಟೀ ಶರ್ಟ್ ತಂದು ಸಾರ್ ಕೈಗೆ ಕೊಟ್ಟ. ಸಾರ್ ಅವನಿಗೆ ಪೇಡ ಕೊಟ್ರು. ವ್ಯವಹಾರ ಅಲ್ಲಿಗೆ ಮುಗೀತು.

ಅಕ್ಕ ಆ ಟೀ ಶರ್ಟನ್ನ ಎತ್ತಿ ಹಿಡಿದು ಹಿಂದೆ ಮುಂದೆ ನೋಡಿದ್ರು. "ರಕ್ತದ ದಾರಿ ಬಿಡಿಸ್ಕೊಂಡು ಬರ್ತೀನಿ ಅಂತ ಹೋದೋರು ಬನಿಯನ್ ತಂದ್ರಲ್ಲ" ಅಂದ್ರು. ಆದ್ರೂ ಬಿಸಾಕ್ಲಿಲ್ಲ. ಮುಂದಕ್ಕೆ ಆಸ್ಪತ್ರೆಗೆ ಅದನ್ನೇ ಹಾಕ್ಕೊಂಡು ಹೋಗ್ತಿದ್ರು. ತೋಳು ಸಡಿಲ ಇದೆ, ಸೂಜಿ ಚುಚ್ಚೋಕೆ ಸಲೀಸು ಅಂತ.

೩. ಆಹಾರ ಮತ್ತು ಪಾನೀಯ

ಸೇವಾ ಕೆಲಸ ಮಾಡೋರಿಗೆ ರಿಯಾಯಿತಿ ಕೊಟ್ರೂ ಕೊಡಬಹುದು ಅಂತ ಎಲ್ಲೋ ಓದಿ, ಪ್ರೋಗ್ರಾಮರ್ ವೆಬ್‌ಸೈಟಲ್ಲಿ ಅರ್ಜಿ ಹಾಕೋಕೆ ಕೂತ. ನಿಮ್ಮದು ಯಾವ ಬಗೆಯ ಸಂಸ್ಥೆ ಅಂತ ಅದು ಕೇಳ್ತು. ಆರಿಸ್ಕೊಳ್ಳೋಕೆ ಫ್ಯಾಷನ್ ಇತ್ತು, ಆಟ ಇತ್ತು, ಪ್ರವಾಸ ಇತ್ತು, ಸೌಂದರ್ಯ ಇತ್ತು, ಸಾಕುಪ್ರಾಣಿ ಇತ್ತು. ರಕ್ತ ಇರ್ಲಿಲ್ಲ. ಯಾವುದನ್ನೂ ಒತ್ತದೆ ಮುಂದಕ್ಕೆ ಹೋಗೋಕೆ ಅದು ಬಿಡ್ತಿರ್ಲಿಲ್ಲ.

ಅವನು ಬಹಳ ಯೋಚನೆ ಮಾಡಿ ಒಂದನ್ನ ಒತ್ತಿದ. ನಾನು ಬಗ್ಗಿ ನೋಡಿದೆ, 'ಆಹಾರ ಮತ್ತು ಪಾನೀಯ' ಅಂತ ಇತ್ತು.

"ಏನೋ ಇದು?" ಅಂದೆ.

"ಮತ್ತೇನ್ ಮಾಡ್ಲಿ ಮೇಡಂ? ಮೈಯೊಳಗ ಹೋಗೂದು ಇದೊಂದ ಐತಿ."

ಬೇರೆ ಎಲ್ಲ ವಿಷಯಕ್ಕೆ ತಿಂಗಳುಗಟ್ಟಲೆ ಉತ್ತರ ಕೊಡದ ಜನ ಇದಕ್ಕೆ ತಕ್ಷಣ ಕೊಟ್ರು. ರಿಯಾಯಿತಿ ಇಲ್ಲ. ಆದ್ರೆ ನಮ್ಮ ಆಹಾರೋದ್ಯಮ ಬೆಳೆಯೋಕೆ ಸಲಹೆ ಇದೆ. ಗಿರಾಕಿಗಳಿಗೆ ಹಸಿವಾಗೋ ಸಮಯ ನೋಡಿ ಬಣ್ಣಬಣ್ಣದ ಫೋಟೋ ಹಾಕಿ, ದಿನಾ ಬೆಳಿಗ್ಗೆ 'ಇವತ್ತಿನ ಸ್ಪೆಷಲ್' ಅಂತ ಪ್ರಕಟಿಸಿ.

ಸಾರ್‌ಗೆ ಸಿಟ್ಟು ನೆತ್ತಿಗೇರಿತ್ತು. ಅಕ್ಕ ಮಾತ್ರ ಸಮಾಧಾನವಾಗಿ, "ಒಳ್ಳೇ ಸಲಹೆ ಕೊಟ್ಟಿದಾರೆ ಕಣ್ರೀ. ಹಾಕಿ, ಇವತ್ತಿನ ಸ್ಪೆಷಲ್ ಬಿ ಪಾಸಿಟಿವ್. ಓ ನೆಗೆಟಿವ್ ಖಾಲಿ ಆಗಿದೆ, ನಾಳೆ ಬನ್ನಿ ಅಂತ" ಅಂದ್ರು.

೪. ನಾವೇ ಯಂತ್ರ

"ಕಣ್ಣಲ್ಲಿ ಓದಿದ್ರೆ ಬಿಟ್ಟಿ ತಾನೇ? ನಮಗೆ ಕಣ್ಣಿಲ್ವಾ?" ಅಂದ್ರು ಸಾರ್ ಒಂದಿನ. ಅವತ್ತಿಂದ ನಾವೇ ಯಂತ್ರ ಆದ್ವಿ. ಬೊಮ್ಮಸಂದ್ರದ ಫ್ಯಾಕ್ಟರಿ ಥರ ಶಿಫ್ಟ್ ಮಾಡ್ಕೊಂಡ್ವಿ. ಫಸ್ಟ್ ಶಿಫ್ಟ್ ನನ್ನದು, ಸೆಕೆಂಡ್ ಪ್ರೋಗ್ರಾಮರ್‌ದು, ಮನಸ್ಸು ಬಂದಾಗ ಜನರಲ್ ಶಿಫ್ಟ್ ಅಕ್ಕನದು. ಪರದೆ ಮುಂದೆ ಕೂತು ಬೆರಳಲ್ಲಿ ಎಳೀತಾ ಓದೋದು, ರಕ್ತ ಅಂತ ಕಂಡ್ರೆ ಬರ್ಕೊಂಡು ಮೆಸೇಜ್ ಕಳಿಸೋದು. ಹಿಂದೆ ಯಂತ್ರವನ್ನ ಮಾಡಿದವನೇ ಈಗ ಅದರ ಜಾಗದಲ್ಲಿ ಕೂತು ಕಣ್ಣಿಗೆ ಡ್ರಾಪ್ಸ್ ಹಾಕ್ಕೊಳ್ತಿದ್ದ.

ಯಂತ್ರಕ್ಕೂ ಅಕ್ಕನಿಗೂ ಒಂದು ವ್ಯತ್ಯಾಸ ಇತ್ತು. ಯಂತ್ರ ಬೇಕಾದ್ದು ಮಾತ್ರ ಓದ್ತಿತ್ತು. ಅಕ್ಕ ಒಂದು ಬೆಳಿಗ್ಗೆ ಪೂರ್ತಿ ಕೂತು ಎದ್ರೆ, ರಕ್ತ ಕೇಳಿದವರು ಒಬ್ಬಿಬ್ರು ಸಿಕ್ಕಿರೋರು. ಜೊತೆಗೆ ಯಾರ ನಿಶ್ಚಿತಾರ್ಥ ಮುರೀತು, ಯಾರ ಅತ್ತೆ ಯಾರ ಬಗ್ಗೆ ಚುಚ್ಚಿ ಬರೆದಿದಾರೆ, ಎಲ್ಲ ಗೊತ್ತಾಗಿರೋದು. "ಇಷ್ಟೊಂದು ಸಮಾಚಾರ ಇಟ್ಕೊಂಡು ಆ ಯಂತ್ರ ನಮಗೆ ಒಂದಿನ ಹೇಳ್ಲಿಲ್ಲ ನೋಡೆ" ಅಂತ ನನ್ನ ಹತ್ರ ಬೇಜಾರು ಮಾಡ್ಕೊಂಡಿದ್ರು.

ಮೆಸೇಜೂ ಬದಲಾಯ್ತು. ಯಂತ್ರ ಗುಂಪು, ಆಸ್ಪತ್ರೆ, ಫೋನ್ ನಂಬರ್ ಅಷ್ಟೇ ಕಳಿಸ್ತಿತ್ತು. ನಾವು ಕೈಯಲ್ಲಿ ಬರೆಯೋವಾಗ ಮನಸ್ಸು ತಡೀತಿರ್ಲಿಲ್ಲ. 'ಪಾಪ, ಒಬ್ಬಳೇ ಮಗಳಂತೆ' ಅಂತಲೋ, 'ತಂದೆ ಆಟೋ ಓಡಿಸ್ತಾರೆ' ಅಂತಲೋ ಸೇರಿಸ್ತಿದ್ವಿ. ಬೊಮ್ಮಸಂದ್ರದಲ್ಲಿ ಔಷಧಿ ಕಂಪನಿಯಲ್ಲಿ ಕೆಲಸ ಮಾಡೋ ಮಂಡ್ಯದವನೊಬ್ಬ ನನಗೆ ಫೋನ್ ಮಾಡಿ ದೂರು ಹೇಳಿದ: "ಅಕ್ಕ, ಮೊದ್ಲೆಲ್ಲಾ ಬರೀ ಗ್ರೂಪು, ಆಸ್ಪತ್ರೆ ಎಸ್ರು ಬರ್ತಿತ್ತು. ರಜ ಇಲ್ಲ ಅಂತ ಸುಮ್ನಾಗ್ತಿದ್ದೆ. ಈಗ ಇಂಗೆಲ್ಲಾ ಬರ್ದು ಕಳಿಸಿದ್ರೆ ಎಂಗಕ್ಕ ಇಲ್ಲ ಅನ್ನದು?"

ಹಿಂಗೆ ಕೊಡೋರು ಜಾಸ್ತಿ ಆದ್ರು, ನಿಜ. ಆದ್ರೆ ನಾವು ಯಂತ್ರದಷ್ಟು ಬೇಗ ಓದೋಕಾಗ್ತಿರ್ಲಿಲ್ಲ. ಒಂದ್ಸಲ ಹೆಂಡತಿಗೆ ರಕ್ತ ಬೇಕು ಅಂತ ಒಬ್ರು ಬರೆದಿದ್ದು ಕಣ್ಣಿಗೆ ಬಿತ್ತು, ಕೊಡೋರನ್ನೂ ಹುಡುಕಿದೆ, ಖುಷಿಯಿಂದ ಫೋನ್ ಮಾಡಿದೆ. ಆ ಕಡೆಯಿಂದ ಒಬ್ಬ ಗಂಡಸು, "ಬೇಡ ಮೇಡಂ. ನಿನ್ನೇನೇ ಮುಗೀತು" ಅಂದ. ನಾನು ಬಿಕ್ಕಳಿಸೋಕೆ ಶುರು ಮಾಡಿದೆ. ಹೆಂಡತಿ ಕಳ್ಕೊಂಡ ಆ ಮನುಷ್ಯ ನನಗೆ ಸಮಾಧಾನ ಹೇಳಿದ. ನೀರು ಕುಡೀರಿ ಮೇಡಂ, ನೀವೇನ್ ಮಾಡಕ್ಕಾಗುತ್ತೆ ಅಂದ. ಕೊನೆಗೆ ಫೋನ್ ಇಡೋ ಮುಂಚೆ, "ನಿಮ್ಮ ಕಡೆಯವರು ಯಾರು ಮೇಡಂ ಹೋಗಿದ್ದು?" ಅಂತ ಕೇಳಿದ.

೫. ಮನುಷ್ಯರು ಅಂತ ತೋರಿಸಿ

ಅಕ್ಕನ ಸರದಿ ಮತ್ತೆ ಬಂತು. ಬೊಮ್ಮಸಂದ್ರದ ಹತ್ರದ ಆಸ್ಪತ್ರೆಗೆ ಸೇರಿಸಿದ್ವಿ. ಯಾವಾಗ್ಲೂ ಕೊಡ್ತಿದ್ದವರಲ್ಲಿ ಒಬ್ಬನಿಗೆ ಜ್ವರ, ಇನ್ನೊಬ್ಬ ಮದುವೆಗೆ ಅಂತ ಊರಿಗೆ ಹೋಗಿದ್ದ. ರಕ್ತನಿಧಿಯಲ್ಲೂ ಓ ನೆಗೆಟಿವ್ ಇರ್ಲಿಲ್ಲ. ಯಂತ್ರ ಇದ್ದಿದ್ರೆ ಊರೆಲ್ಲ ಜಾಲಾಡಿ ಯಾರನ್ನಾದ್ರೂ ತಂದು ನಿಲ್ಲಿಸ್ತಿತ್ತು. ಈಗ ಅಕ್ಕನೇ ಮಂಚದ ಮೇಲೆ ಮಲಗಿ ಮೊಬೈಲ್ ಹಿಡ್ಕೊಂಡು, 'ಕೊಡ್ತೀನಿ' ಅಂತ ಬರೆದವರು ಯಾರಾದ್ರೂ ಇದಾರಾ ಅಂತ ಬೆಳಗಿಂದ ಒಂದೇ ಸಮ ಹುಡುಕ್ತಿದ್ರು.

ಇದ್ದಕ್ಕಿದ್ದಂಗೆ ಪರದೆ ನಿಂತುಹೋಯ್ತು. 'ನಿಮ್ಮ ನಡವಳಿಕೆ ಯಂತ್ರದ ಥರ ಇದೆ. ನೀವು ಮನುಷ್ಯರು ಅಂತ ತೋರಿಸಿ' ಅಂತ ಬಂತು.

"ಬಿಡುವು ಕೊಡದ ಓದೀರಿ ಅಕ್ಕಾರ. ಯಾರಿಗೂ ಲೈಕ್ ಒತ್ತಿಲ್ಲ. ಮನುಷ್ಯಾರು ಹಿಂಗ ಓದಂಗಿಲ್ಲಂತ" ಅಂತ ಪ್ರೋಗ್ರಾಮರ್ ವಿವರಿಸಿದ.

"ನಿಜಾನೇ ಬಿಡು. ಪರೀಕ್ಷೆಗೂ ನಾನು ಇಷ್ಟು ಓದಿದವಳಲ್ಲ" ಅಂದ್ರು ಅಕ್ಕ.

ಮನುಷ್ಯರು ಅಂತ ತೋರಿಸೋಕೆ ಚಿತ್ರಗಳ ಪರೀಕ್ಷೆ. ಚಿಕ್ಕ ಚಿಕ್ಕ ಫೋಟೋಗಳಲ್ಲಿ ಅವರು ಕೇಳಿದ್ದನ್ನ ಆರಿಸಿ ಒತ್ಬೇಕು. ಮೂರು ಜನ ಮಂಚದ ಸುತ್ತ ಬಗ್ಗಿದ್ವಿ. ಮೊದಲು, ಬೆಂಕಿ ಆರಿಸೋ ನೀರಿನ ನಲ್ಲಿ ಎಲ್ಲೆಲ್ಲಿದೆ ಒತ್ತಿ ಅಂತ. ಯಾವುದೋ ದೇಶದ ರಸ್ತೆ ಪಕ್ಕದಲ್ಲಿ ಕೆಂಪಗೆ ಮೊಣಕಾಲೆತ್ತರ ಏನೋ ನಿಂತಿತ್ತು. ನಾನು ಬೆರಳಿಡೋಕೆ ಹೋದೆ. ಅಕ್ಕ ಕೈ ಹಿಡಿದ್ರು. "ಬೇಡ ಕಣೆ. ಯಾವುದೋ ದೇವರ ಕಲ್ಲು, ಕುಂಕುಮ ಬಳಿದಿದಾರೆ. ಬೆರಳು ತಾಗಿಸ್ಬೇಡ." ಒತ್ತಲಿಲ್ಲ. ತಪ್ಪಾಯ್ತು.

ಆಮೇಲೆ ಚಿಮಣಿ. ಬೊಮ್ಮಸಂದ್ರದಲ್ಲಿ ಕೂತ ನಮಗೆ ಚಿಮಣಿ ಗೊತ್ತಿಲ್ವಾ? ಫೋಟೋಗಳಲ್ಲಿ ಫ್ಯಾಕ್ಟರೀನೇ ಹುಡುಕಿದ್ವಿ. ಒಂದೂ ಇಲ್ಲ, ಎಲ್ಲ ಹೆಂಚಿನ ಮನೆಗಳು. ಒಂದು ಮನೆ ಮೇಲೆ ಇಟ್ಟಿಗೆಯ ಚೌಕದ ಗೂಡೊಂದಿತ್ತು. "ಅದು ನೀರಿನ ಟ್ಯಾಂಕು" ಅಂದ್ರು ಸಾರ್, ಖಚಿತವಾಗಿ. ಚಿಮಣಿ ಇಲ್ಲ ಅಂತ ಒತ್ತಿದ್ವಿ. ಅದೂ ತಪ್ಪು. ಕೊನೆಗೆ ರಸ್ತೆ ದಾಟೋ ಬಿಳಿ ಪಟ್ಟೆ ಕೇಳ್ತು. ಹೊಸೂರು ರಸ್ತೆ ಜನ ನಾವು, ಜೀವ ಕೈಯಲ್ಲಿ ಹಿಡ್ಕೊಂಡು ಎಲ್ಲಿ ಬೇಕಾದ್ರೂ ದಾಟೋರು. ಎಲ್ಲ ಫೋಟೋನೂ ಒತ್ತಿದ್ವಿ. 'ನೀವು ಮನುಷ್ಯರು ಅನ್ನೋದು ಖಚಿತವಾಗಿಲ್ಲ' ಅಂತ ಬಂತು.

ಉಳಿದಿದ್ದು ಮನವಿ ಒಂದೇ. ಮುಖದ ಫೋಟೋ ಕಳಿಸಿದ್ರೆ ಅವರು ನೋಡಿ ತೀರ್ಮಾನ ಹೇಳ್ತಾರಂತೆ. ಅಕ್ಕ ತಲೆ ಬಾಚಿಸ್ಕೊಂಡು, ವಿಭೂತಿ ಹಚ್ಕೊಂಡು, ಕುಂಕುಮ ದೊಡ್ಡದಾಗಿ ಇಡಿಸ್ಕೊಂಡ್ರು. ಫೋಟೋ ಹೋಯ್ತು, ತಕ್ಷಣ ವಾಪಸ್ ಬಂತು. ಮುಖದಲ್ಲಿ ಬೆಳಕು ಸಾಲದು ಅಂತ.

"ಅದನ್ನ ಡಾಕ್ಟರೂ ಹೇಳಿದಾರೆ" ಅಂದ್ರು ಅಕ್ಕ.

ಕಿಟಕಿ ಕಡೆ ಕೂರಿಸಿ ಇನ್ನೊಂದು ತೆಗೆದ್ವಿ. ಅದು ಸ್ವೀಕಾರ ಆಯ್ತು. 'ಪರಿಶೀಲಿಸುತ್ತಿದ್ದೇವೆ' ಅಂತ ಸಾರ್ ಮೇಲ್‌ಗೆ ಬಂತು. ನಾನೂ ಪ್ರೋಗ್ರಾಮರೂ ಬೈಕ್ ಹತ್ತಿ ಫ್ಯಾಕ್ಟರಿ ಗೇಟಿಗೆ ಓಡಿದ್ವಿ. ಶಿಫ್ಟ್ ಬಿಡೋ ಹೊತ್ತು, ಜನ ಬಸ್ಸಿಗೆ ಮುಗೀಬೀಳ್ತಿದ್ರು. ನಾಚಿಕೆ ಬಿಟ್ಟು, ಸೊಪ್ಪು ಮಾರೋಳ ಥರ ಗಂಟಲು ಹರ್ಕೊಂಡು "ಓ ನೆಗೆಟಿವ್ ಇದೀರಾ, ಓ ನೆಗೆಟಿವ್" ಅಂತ ಕೂಗಿದೆ. ಆ ಮಂಡ್ಯದವನು ನನ್ನ ದನಿ ಗುರುತು ಹಿಡಿದು ಬಂದ. ಪ್ಯಾಕಿಂಗ್ ಸೆಕ್ಷನ್ನಿನಲ್ಲಿದ್ದ ಯಾದಗಿರಿಯವನೊಬ್ಬನನ್ನ ಬಸ್ಸಿಂದ ಇಳಿಸಿ ಕರ್ಕೊಂಡು ಬಂದು ನಮ್ಮ ಮುಂದೆ ನಿಲ್ಲಿಸಿದ. ಅವತ್ತು ರಕ್ತ ಸಿಕ್ತು. ಅಕ್ಕ ಮನೆಗೆ ಬಂದ್ರು.

ಮುಂದಿನ ಸಲ ಗೇಟಲ್ಲಿ ಎಷ್ಟು ಕೂಗಿದ್ರೂ ಯಾರೂ ಸಿಗ್ಲಿಲ್ಲ. ಆ ಯಾದಗಿರಿಯವನು ಕೊಟ್ಟು ಇನ್ನೂ ಸಾಕಷ್ಟು ದಿನ ಆಗಿರ್ಲಿಲ್ಲ, ಅವನಿಂದ ಮತ್ತೆ ತಗೊಳ್ಳಲ್ಲ ಅಂದ್ರು ಆಸ್ಪತ್ರೆಯವರು. ಕೊನೆಗೆ ದೂರದಿಂದ ರಕ್ತ ಬಂತು, ಬರೋವಾಗ ತಡ ಆಗಿತ್ತು. ಅಕ್ಕ ಹೋಗ್ಬಿಟ್ರು. ಬೇಗ ಬಂದಿದ್ರೂ ಉಳೀತಿದ್ರು ಅಂತ ಹೇಳಕ್ಕಾಗಲ್ಲ ಅಂದ್ರು ಡಾಕ್ಟರು. ಇರಬಹುದು. ಆದ್ರೆ ನನಗೆ ಸಿಟ್ಟಿದೆ, ಈಗಲೂ ಇದೆ. ಯಾರ ಮೇಲೆ ತೀರಿಸ್ಕೊಳ್ಳೋದು ಅಂತ ಹೋದ್ರೆ ಆ ಕಡೆ ಯಾರೂ ಇಲ್ಲ.

ಅಕ್ಕನ ಶಿವಗಣಾರಾಧನೆ ದಿನ ಸಾರ್ ಮನೆ ತುಂಬ ನೆಂಟರು. ಅಕ್ಕನ ಫೋಟೋಗೆ ಹಾರ ಹಾಕಿತ್ತು. ಸ್ವಾಮಿಗಳ ಪ್ರಸಾದ ಮುಗಿದು, ಎರಡನೇ ಪಂಕ್ತಿಗೆ ಹುಗ್ಗಿ ಬಡಿಸ್ತಿದ್ವಿ. ಸಾರ್ ಮೊಬೈಲ್ ಸದ್ದು ಮಾಡ್ತು. ಕನ್ನಡಕ ಇರ್ಲಿಲ್ಲ, ಪ್ರೋಗ್ರಾಮರ್ ಕೈಗೆ ಕೊಟ್ಟು "ಏನು ನೋಡು" ಅಂದ್ರು. ಅವನು ಓದಿ, ಸೌಟು ಹಿಡ್ಕೊಂಡು ಹಂಗೇ ನಿಂತ.

"ಓದಪ್ಪ, ಪರವಾಗಿಲ್ಲ" ಅಂದ್ರು ಸಾರ್.

"ಜಾಲತಾಣದವರದ್ರೀ ಸರ. ತಡಾ ಆಗಿದ್ದಕ್ಕ ಕ್ಷಮಾ ಕೇಳ್ಯಾರ. ಫೋಟೋ ಎಲ್ಲಾ ಸರಿಯಾಗಿ ನೋಡ್ಯಾರಂತ. ಅಕ್ಕಾರು..." ಅವನ ದನಿ ಇಳೀತು. "ಅಕ್ಕಾರು ಜೀವಂತ ಮನುಷ್ಯಾರ ಅನ್ನೂದು ಖಾತ್ರಿ ಆಗೇತಂತ್ರೀ."

ಪಂಕ್ತಿಯಲ್ಲಿ ಕೂತವರೆಲ್ಲ ತುತ್ತು ಕೈಯಲ್ಲೇ ಹಿಡ್ಕೊಂಡು ಸಾರ್ ಮುಖ ನೋಡಿದ್ರು. ಸಾರ್ ಇನ್ನೊಂದ್ಸಲ ಓದಿಸಿದ್ರು.

"ನಾವೆಲ್ಲ ಅವಳಿಲ್ಲ ಅಂತ ಒಪ್ಕೊಂಡು ಊಟಕ್ಕೆ ಕೂತಿದೀವಿ. ಇದಾಳೆ ಅಂತ ಬರೆದಿರೋರು ಅವರೊಬ್ರೇ" ಅಂದ್ರು. "ಧನ್ಯವಾದ ಅಂತ ಬರೆದುಬಿಡಪ್ಪ."

ಪ್ರೋಗ್ರಾಮರ್ ಮೊಬೈಲ್ ಮೇಲೆ ಕೆಳಗೆ ಎಳೆದು ನೋಡಿದ.

"ಇದಕ್ಕ ಉತ್ತರಾ ಬರಿಯಾಕ ಬರಂಗಿಲ್ರೀ ಸರ."